ಎಲೆಯಂಚಿನ ಮೆಣಸಿನಕಾಯಿ

ನನಗೊಂದು ಕೆಟ್ಟ ಚಾಳಿಯಿದೆ. ಪಂಕ್ತಿಯಲ್ಲಿ ಊಟಕ್ಕೆ ಕೂತಾಗ ಬಡಿಸುವವರು ಇನ್ನೂ ನಾಲ್ಕೆಲೆ ಆಚೆ ಇರುತ್ತಾರೆ, ಅಷ್ಟರಲ್ಲಿ ನನ್ನ ಬಲಗೈ ತಾನಾಗಿ ಎದ್ದು ಎಲೆಗೆ ಅಡ್ಡ ನಿಲ್ಲುತ್ತದೆ. ಹೋದ ವಾರ ನೆಂಟರ ಮನೆಯ ಮುಂಜಿಯಲ್ಲಿ ಹೋಳಿಗೆ ತಂದ ಹೆಣ್ಣುಮಗಳು ನನ್ನ ಕೈ ನೋಡಿ, "ರಾಯರಿಗೆ ಬ್ಯಾಡಂತ" ಎಂದು ಹಿಂದಿನವಳಿಗೂ ಸಾರಿ ಮುಂದೆ ಹೋದಳು. ತುಪ್ಪವೂ ಹೋಯಿತು, ಹಾಲೂ ಹೋಯಿತು. ನನಗೆ ಹೋಳಿಗೆ ಬೇಕಾಗಿತ್ತು ಸ್ವಾಮಿ! ಬೆಳಗಿನಿಂದ ಅದರ ಘಮಕ್ಕೇ ಕಾದು ಕೂತಿದ್ದೆ. ಈ ವಯಸ್ಸಿನಲ್ಲಿ "ಏ ತಂಗಿ, ಬೇಕು, ಬೇಕು" ಎಂದು ಪಂಕ್ತಿಯಲ್ಲಿ ಕೂಗುವುದು ಹೇಗೆ? ಪಕ್ಕದವರ ಎಲೆಯ ಹೋಳಿಗೆ ನೋಡುತ್ತ ಸಾರನ್ನ ಉಂಡು ಎದ್ದೆ.

ಕೈಯ ಹಿಂಬದಿಯಲ್ಲಿ, ಬೆರಳಿನ ಗೆಣ್ಣುಗಳ ಕೆಳಗೆ, ಹೆಸರುಬೇಳೆಯಷ್ಟು ಅಗಲದ ಒಂದು ಕಲೆಯಿದೆ. ಮೊಮ್ಮಕ್ಕಳು ಅದನ್ನು ನೋಡಿ "ಯುದ್ಧದಾಗ ಆತೇನಜ್ಜ?" ಎಂದು ಕೇಳುತ್ತವೆ. ಯುದ್ಧವೇ ಅದು. ಬಳ್ಳಾರಿಯ ಬ್ರೂಸ್‌ಪೇಟೆಯ ಒಂದು ಊಟದ ಮನೆಯಲ್ಲಿ, ಹುಳಿಯ ಸವಟಿನ ಎದುರು ನಾನೊಬ್ಬನೇ ನಿಂತು ಮಾಡಿದ ಯುದ್ಧ. ಗೆದ್ದವರು ಯಾರು ಎಂದು ಇವತ್ತಿಗೂ ನನಗೆ ಖಾತ್ರಿಯಿಲ್ಲ.

ಹೊಟ್ಟೆ ಕೆಟ್ಟದ್ದು ಹೇಗೆ ಎನ್ನುವುದನ್ನು ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ಎಲ್ಲ ತಪ್ಪನ್ನೂ ಬಳ್ಳಾರಿಯ ಮೇಲೆ ಹಾಕುತ್ತೀರಿ. ನಮ್ಮದು ಸಿರುಗುಪ್ಪ. ಹೊಳೆಯ ನೀರು, ಗದ್ದೆಯ ಅಕ್ಕಿ, ಮನೆಯ ತುಪ್ಪ, ಎಲ್ಲವೂ ತಂಪೇ. ಆದರೆ ಆ ತಂಪನ್ನೆಲ್ಲ ಸುಟ್ಟು ಹಾಕುವಷ್ಟು ಮೆಣಸಿನಕಾಯಿಯೂ ನಮ್ಮ ಮನೆಯಲ್ಲಿತ್ತು. ನಾವು ಹುಡುಗರು ಹಸಿ ಹುಣಸೆಕಾಯಿಯನ್ನು ಉಪ್ಪು, ಖಾರ, ಬೆಲ್ಲ ಸೇರಿಸಿ ಕಲ್ಲಿನ ಮೇಲೆ ಕುಟ್ಟಿ, ಕಡ್ಡಿಗೆ ಮೆತ್ತಿಕೊಂಡು ಹೊಳೆಯ ದಂಡೆಗೆ ಹೋಗಿ ನೆಕ್ಕುತ್ತ ಕೂಡುತ್ತಿದ್ದೆವು. ಕಣ್ಣಲ್ಲಿ ಮೂಗಲ್ಲಿ ನೀರು ಸುರಿಯುತ್ತಿದ್ದರೂ ಕಡ್ಡಿ ಕೆಳಗಿಡುತ್ತಿರಲಿಲ್ಲ. ಮೊದಲು ಕೆಳಗಿಟ್ಟವನು ಹೆಣ್ಣಿಗ ಎಂದು ಕರೆಸಿಕೊಳ್ಳಬೇಕಾಗಿತ್ತು. ನಾನು ಒಮ್ಮೆಯೂ ಕರೆಸಿಕೊಂಡವನಲ್ಲ, ಅದರ ಫಲವನ್ನೇ ಮುಂದೆ ಉಂಡೆ.

ಇನ್ನು ಅಪ್ಪ. ಅಪ್ಪನಿಗೆ ಊಟದ ಕೊನೆಗೆ, ಮೊಸರನ್ನದ ಜೊತೆಗೆ, ತುಪ್ಪದಲ್ಲಿ ಕರಿದ ಒಣಮೆಣಸಿನಕಾಯಿ ಆಗಲೇಬೇಕು. ಒಂದೊಂದು ತುತ್ತಿಗೆ ಒಂದೊಂದು ಕಡಿದು, ತೊಟ್ಟನ್ನು ಎಲೆಯಂಚಿಗೆ ಸಾಲಾಗಿ ಇಡುತ್ತಿದ್ದರು. ನಾನು ಪಕ್ಕದಲ್ಲಿ ಕೂತು ತೊಟ್ಟು ಎಣಿಸುತ್ತಿದ್ದೆ. ನಾಲ್ಕಾದರೆ ಅಪ್ಪ ಖುಷಿಯಲ್ಲಿದ್ದಾರೆ, ಏನಾದರೂ ಕೇಳಬಹುದು. ಒಂದೇ ಆದರೆ ಮನಸ್ಸು ಸರಿಯಿಲ್ಲ, ಸುಮ್ಮನೆ ಎದ್ದು ಹೋಗಬೇಕು. ನಮ್ಮ ಮನೆಯಲ್ಲಿ ಅಪ್ಪನ ಮುಖ ಯಾರೂ ನೋಡುತ್ತಿರಲಿಲ್ಲ, ಎಲೆಯಂಚನ್ನು ನೋಡುತ್ತಿದ್ದೆವು.

ಇಂಥ ಮನೆಯಿಂದ ಎದ್ದ ನಾನು ಇಪ್ಪತ್ತಮೂರನೆಯ ವಯಸ್ಸಿಗೆ ಬಳ್ಳಾರಿಯ ಒಂದು ಕಚೇರಿಯಲ್ಲಿ ನಕಲು ಬರೆಯುವ ಹಂಗಾಮಿ ಗುಮಾಸ್ತನಾದೆ. ಮದರಾಸು ಸರಕಾರದ ಕಾಲ. ಬೆಳಗಿನಿಂದ ಸಂಜೆಯವರೆಗೆ ನೆಲದ ಮೇಲೆ ಕೂತು, ಬೆನ್ನು ಬಾಗಿಸಿ, ಹೊಟ್ಟೆಯನ್ನು ಮಡಚಿ ಬರೆಯಬೇಕು. ಆರು ತಿಂಗಳು ತುಂಬುವ ಮೊದಲೇ ಹೊಟ್ಟೆಯಲ್ಲಿ ಉರಿ ಶುರುವಾಯಿತು. ಎರಡು ಸಲ ಶಿರಸ್ತೇದಾರರ ಎದುರಿಗೇ ಹೊಟ್ಟೆ ಹಿಡಿದುಕೊಂಡು ಮುದುಡಿ ಬಿದ್ದೆ. ಎರಡನೆಯ ಸಲ ಶಾಯಿಯ ಕುಡಿಕೆಯೂ ನನ್ನ ಜೊತೆಗೆ ಬಿತ್ತು. ಅವರು ಕನ್ನಡಕದ ಮೇಲಿಂದ ನೋಡಿ, "ಸಂಕ್ರಾಂತಿ ತನಕ ನೋಡ್ತೀನಿ. ಮತ್ತ ಹಿಂಗ ಬಿದ್ದಿ ಅಂದ್ರ ಸಿರುಗುಪ್ಪಕ್ಕ ಹೋಗಿ ಅಲ್ಲೇ ಬೀಳು. ಹೊಟ್ಟಿ ಗಟ್ಟಿ ಇದ್ದಾಂವಗ ಕಾಯಂ" ಎಂದರು. ಆಗಿನ್ನೂ ದಸರೆ ಮುಗಿದಿತ್ತಷ್ಟೆ. ಕಾಯಂ ಆಗದೆ ಊರಿಗೆ ಮರಳುವುದೆಂದರೆ, ಬೀಳ್ಕೊಡಲು ಬಂಡಿಯ ತನಕ ಬಂದಿದ್ದ ಇಡೀ ಓಣಿಗೆ ಮತ್ತೆ ಮುಖ ತೋರಿಸಬೇಕು. ಅದಕ್ಕಿಂತ ಹೊಟ್ಟೆನೋವೇ ವಾಸಿ ಅನ್ನಿಸುತ್ತಿತ್ತು.

ಕುರುಗೋಡಿನಲ್ಲಿ ಒಬ್ಬ ಹಕೀಮ ಸಾಹೇಬರಿದ್ದಾರೆ, ನಾಡಿ ನೋಡಿದರೆ ಮೂರು ದಿನದ ಹಿಂದೆ ಉಂಡದ್ದನ್ನೂ ಹೇಳುತ್ತಾರೆ ಎಂದು ಯಾರೋ ಹೇಳಿದರು. ರಜೆಯ ದಿನ ಬಂಡಿ ಹಿಡಿದು ಹೋದೆ. ಗುಡ್ಡದ ಕೆಳಗೆ ಸಣ್ಣ ಮನೆ, ಮುಂದೆ ಬೇವಿನ ಮರ, ಮರದ ಕೆಳಗೆ ಬಿಳಿಗಡ್ಡದ ಸಾಹೇಬರು. ನನ್ನ ಮಣಿಕಟ್ಟನ್ನು ಹಿಡಿದು ಕಣ್ಣು ಮುಚ್ಚಿ ಬಹಳ ಹೊತ್ತು ಕೂತರು. ಮಲಗಿಯೇ ಬಿಟ್ಟರೇನೋ ಎಂದು ನಾನು ಕೆಮ್ಮಿದೆ.

"ಔಷಧ ನಾ ಕೊಡ್ತೀನಿ ರಾಯರ. ಆದ್ರ ಅದು ನಾಕಾಣೆ ಕೆಲಸ ಮಾಡ್ತೈತಿ. ಹನ್ನೆರಡಾಣೆ ಪರೇಜ್. ಪಥ್ಯ, ಪಥ್ಯ" ಎಂದರು. "ಹುಣಸಿಹಣ್ಣು ಬ್ಯಾಡ. ಮೆಣಸಿನಕಾಯಿ ಬ್ಯಾಡ, ಹಸೀದೂ ಬ್ಯಾಡ, ಒಣಾದೂ ಬ್ಯಾಡ. ಎಣ್ಣಿ ಬ್ಯಾಡ, ತೊಗರಿಬ್ಯಾಳಿ ಬ್ಯಾಡ. ಹೆಸರುಬ್ಯಾಳಿ, ಹಳೇ ಅಕ್ಕಿ ಅನ್ನ, ಬಾಳಿಕಾಯಿ, ಹೀರಿಕಾಯಿ, ಮಜ್ಜಿಗಿ. ಖಾರ ಇಲ್ದ ನುಂಗಾಕ ಆಗವಲ್ದು ಅಂದ್ರ ನಾಕು ಕಾಳುಮೆಣಸು. ನಲವತ್ತು ದಿನ."

"ನಲವತ್ತೇ?" ಎಂದೆ, ಗಂಡಸುತನ ತೋರಿಸಲು.

"ಮೂವತ್ತೊಂಬತ್ತು ದಿನ ಮಾಡಿ ನಲವತ್ತನೇ ದಿನ ಒಂದು ಮೆಣಸಿನಕಾಯಿ ನೆಕ್ಕಿದ್ರಿ ಅಂದ್ರ ಮತ್ತ ಒಂದರಿಂದ ಎಣಸಬೇಕು. ಎರಡು ಸಲ ನಾ ಎಣಸ್ತೀನಿ. ಮೂರನೇ ಸಲಕ್ಕ ನನ್ನ ಬಾಗಿಲಿಗೆ ಬರಬ್ಯಾಡ್ರಿ, ನನಗೂ ಹೊಟ್ಟಿಬ್ಯಾನಿ ಬರ್ತೈತಿ."

ಸರಿ, ಪಥ್ಯದ ಪಟ್ಟಿ ಹೊತ್ತು ಊಟದ ಮನೆಗೆ ಬಂದೆ. ಈಗ ಓಣಿಗೊಂದು ಹೋಟೆಲಿದೆ, ಬೇಕಾದ್ದು ಕೇಳಿ ತಿನ್ನಬಹುದು, ಬೇಡವಾದರೆ ಎದ್ದು ಹೋಗಬಹುದು. ಆಗ ಹೋಟೆಲೆಂಬ ಮಾತು ಕಂಟೋನ್ಮೆಂಟಿನ ದೊರೆಗಳಿಗೆ. ನಮ್ಮಂಥ ಒಂಟಿ ವೈಷ್ಣವ ಗುಮಾಸ್ತರಿಗೆ ಅಂಬಕ್ಕನ ಊಟದ ಮನೆ. ಮಲಗಲು ಮಾಳಿಗೆ, ಉಣ್ಣಲು ಪಡಸಾಲೆ. ಅಂಬಕ್ಕ ಬಾಲವಿಧವೆ, ಕೆಂಪು ಸೀರೆಯ ಮಡಿ ಹೆಂಗಸು. ಕೈ ರುಚಿಯ ಬಗ್ಗೆ ಊರೇ ಹೊಗಳುತ್ತಿತ್ತು, ಅದೇ ನನ್ನ ದುರ್ದೈವ. ರುಚಿ ಕೆಟ್ಟಿದ್ದರೆ ಪಥ್ಯ ಎಷ್ಟು ಸುಲಭವಾಗುತ್ತಿತ್ತು!

ಪಥ್ಯದ ಸಂಗತಿ ಹೇಳಿದಾಗ ಆಕೆ ಕೆನ್ನೆಗೆ ಕೈಯಿಟ್ಟು, "ಅಯ್ಯ ಪಾಪ ರಾಘಪ್ಪಾ, ಅದೇನ್ ದೊಡ್ಡದು, ಮಾಡ್ತೀನಿ ಬಿಡು" ಎಂದಳು. ಮರುದಿನ ಎಲೆಗೆ ಬಿದ್ದ ಪಲ್ಯ ಬಾಯಿಗಿಟ್ಟೆ, ನೆತ್ತಿಯ ತನಕ ಉರಿ ಏರಿತು.

"ಅಂಬಕ್ಕ, ಖಾರ ಬ್ಯಾಡ ಅಂದಿದ್ದೆ."

"ಖಾರ ಎಲ್ಲಿ ಅದನೋ? ಖಾರದಪುಡಿ ಒಂದು ಚಿಟಿಕಿ ಸೈತ ಹಾಕಿಲ್ಲ. ಬರೇ ಹಸಿಮೆಣಸಿನಕಾಯಿ."

"ಹುಳಿಯಾಗ ಹುಣಸಿಹಣ್ಣು ಅದಲಾ?"

"ಹಣ್ಣು ಎಲ್ಲಿ ಹಾಕೀನಿ? ಬರೇ ಅದರ ನೀರು."

"ಎಣ್ಣಿ ತೇಲ್ತದ."

"ಎಣ್ಣಿ ಹಾಕಿಲ್ಲ, ಅದು ಒಗ್ಗರಣಿ."

ಇಂಥವರೊಡನೆ ವಾದ ಮಾಡಿ ಗೆದ್ದವರನ್ನು ನನಗೆ ತೋರಿಸಿ, ಪಾದಪೂಜೆ ಮಾಡುತ್ತೇನೆ. ಆಕೆಯ ಲೆಕ್ಕದಲ್ಲಿ ಮೆಣಸಿನಕಾಯಿ ತರಕಾರಿ, ಹುಣಸೆ ನೀರು ನೀರು, ಒಗ್ಗರಣೆ ಒಂದು ಸದ್ದು ಮಾತ್ರ. ವಕೀಲಿ ಮಾಡಿದ್ದರೆ ಮದರಾಸಿನ ತನಕ ಹೆಸರಾಗುತ್ತಿದ್ದಳು.

ಮಡಿಯ ಪಂಕ್ತಿಯ ಕಷ್ಟ ಬಲ್ಲವರೇ ಬಲ್ಲರು. ಎಲೆಯ ಸುತ್ತ ನೀರು ತಿರುಗಿಸಿ ಕೂತಮೇಲೆ ನಡುವೆ ಏಳುವಂತಿಲ್ಲ. ಪಾತ್ರೆ ಮುಟ್ಟುವಂತಿಲ್ಲ. ಎಲೆಗೆ ಬಿದ್ದದ್ದನ್ನು ಬಿಡುವಂತಿಲ್ಲ. ಎಡಗೈ ಎಲೆಯ ಹತ್ತಿರ ತರುವಂತಿಲ್ಲ. ಇರುವ ಒಂದೇ ಆಯುಧ ಎಂಜಲಾದ ಬಲಗೈ. ಮೇಲಾಗಿ ಬಳ್ಳಾರಿಯಲ್ಲಿ ಬಾಳೆಲೆ ಎಲ್ಲಿಂದ ಬರಬೇಕು? ಮುತ್ತಲ ಎಲೆ ಹಚ್ಚಿದ ಪತ್ರಾವಳಿ. ಒಂದು ಮೂಲೆಗೆ ಹುಳಿ ಬಿದ್ದರೆ ಹರಿದು ಬಂದು ಎಲ್ಲವನ್ನೂ ಕೆಡಿಸುತ್ತದೆ. ನಾನು ಅನ್ನದ ಕಟ್ಟೆ ಕಟ್ಟುತ್ತಿದ್ದೆ, ಒಡೆದು ಬರುತ್ತಿತ್ತು. ಕೈ ಅಡ್ಡ ಹಿಡಿಯುತ್ತಿದ್ದೆ, ಬೆರಳ ಸಂದಿಯಲ್ಲಿ ಹುಳಿ ಸುರಿಯುತ್ತಿದ್ದಳು. "ಒಂದು ಸವಟು, ಬರೇ ಒಂದು ಸವಟು. ಬಿಳೀ ಅನ್ನ ಹೆಂಗ ಉಂತೀಯೋ, ನನ್ನ ಕಣ್ಣಿಲೆ ನೋಡ್ಲಿಕ್ಕೆ ಆಗಂಗಿಲ್ಲ" ಎಂಬ ಉಪಚಾರ ಬೇರೆ. ನೋಡಲಾಗದಿದ್ದರೆ ಆ ಕಡೆ ನೋಡಬಾರದೇ? ಒಂದು ದಿನ ಕುದಿಯುವ ಹುಳಿ ನೇರವಾಗಿ ಕೈಯ ಹಿಂಬದಿಗೇ ಬಿತ್ತು. ಈ ಕಲೆ ಅದೇ.

ಅದೇ ವಾರ ಮಧ್ಯಾಹ್ನದ ಊಟ ಮುಗಿಸಿ ಏಳುವಾಗ ಪಡಸಾಲೆಯಲ್ಲೇ ನೋವು ಬಂದು ಕುಸಿದೆ. ಅಂಬಕ್ಕ ಸವಟು ಬಿಸಾಕಿ ಓಡಿ ಬಂದಳು. ನನ್ನ ಮುಖ ನೋಡಿ ಆಕೆಯ ಮುಖವೂ ಬೆಳ್ಳಗಾಯಿತು. ಮಡಿ ಮೈಲಿಗೆ ಮರೆತು ನನ್ನ ತಲೆ ಹಿಡಿದು ಕೂತಳು, ಮಜ್ಜಿಗೆ ಕುಡಿಸಿದಳು, ತನಗೆ ತಾನೇ ಬೈದುಕೊಂಡಳು. ಮರುದಿನದಿಂದ ಒಲೆಯ ಮೂಲೆಯಲ್ಲಿ ನನ್ನದೇ ಒಂದು ಸಣ್ಣ ತಪ್ಪಲೆ ಏರಿತು. ನನಗೆ ಆಕೆಯ ಮೇಲಿದ್ದ ಸಿಟ್ಟೆಲ್ಲ ಒಂದೇ ಗಳಿಗೆಯಲ್ಲಿ ಇಳಿದುಹೋಯಿತು.

ಅವತ್ತು ಎಲೆಯ ತುಂಬ ನನ್ನ ಪಥ್ಯ. ಹೆಸರುಬೇಳೆಯ ತೊವ್ವೆ, ಕಾಳುಮೆಣಸಿನ ಸಾರು, ಒಗ್ಗರಣೆಯಿಲ್ಲದ ಬಾಳೆಕಾಯಿ ಪಲ್ಯ. ಪಕ್ಕದ ಎಲೆಯಲ್ಲಿ ಕೂತಿದ್ದವರು ಸುಬ್ಬರಾಯರು, ಶಾಲೆಯ ಮಾಸ್ತರು, ಬಾಯಿಗೆ ಬೀಗವಿಲ್ಲದ ಮನುಷ್ಯ. ನನ್ನ ಎಲೆ ನೋಡಿ ತುತ್ತು ಅರ್ಧಕ್ಕೇ ನಿಲ್ಲಿಸಿದರು.

"ಇವತ್ತು ಯಾರ ತಿಥಿ ರಾಘಪ್ಪ? ಹೇಳಲೇ ಇಲ್ಲಲ್ಲ?"

ಪಂಕ್ತಿಯೆಲ್ಲ ನನ್ನ ಎಲೆಯ ಕಡೆ ತಿರುಗಿತು. ನಿಜವೇ. ನಮ್ಮವರಲ್ಲಿ ತಿಥಿಯ ಅಡುಗೆಗೆ ಮೆಣಸಿನಕಾಯಿ ಹಾಕುವುದಿಲ್ಲ, ಹುಣಸೆ ಹಾಕುವುದಿಲ್ಲ, ತೊಗರಿಬೇಳೆ ಸಲ್ಲದು. ಹೆಸರುಬೇಳೆ, ಕಾಳುಮೆಣಸು, ಬಾಳೆಕಾಯಿ. ಹಕೀಮ ಸಾಹೇಬರು ತಮಗೆ ಗೊತ್ತಿಲ್ಲದೆಯೇ ನನಗೆ ನಲವತ್ತು ದಿನದ ಶ್ರಾದ್ಧದ ಊಟ ಬರೆದುಕೊಟ್ಟಿದ್ದರು. ನಾನು ನಕ್ಕೆ. ಸುಬ್ಬರಾಯರೂ ನಕ್ಕರು. ಅಂಬಕ್ಕ ಮಾತ್ರ ಕೈಯಲ್ಲಿ ಸಾರಿನ ಪಾತ್ರೆ ಹಿಡಿದು ಹಾಗೇ ನಿಂತಿದ್ದಳು.

"ರಾಘಪ್ಪಾ, ನಿಮ್ಮಪ್ಪ ಇದ್ದಾರೇನು?"

"ಇದ್ದಾರ, ಗಟ್ಟಿ ಇದ್ದಾರ."

"ಒಬ್ಬನೇ ಮಗ ಏನು ನೀನು?"

"ಹೌದು."

ಆಕೆ ಪಾತ್ರೆಯೊಡನೆ ಒಳಗೆ ಹೋದಳು. ಮರುದಿನದಿಂದ ಹೊಸ ರಗಳೆ ಶುರುವಾಯಿತು. ಬಡಿಸುವ ಮೊದಲು ದಿನಾ ಕೇಳುತ್ತಿದ್ದಳು, "ಊರಿಂದ ಕಾಗದ ಬಂತೇನು? ಅಪ್ಪ ಆರಾಮ ಇದ್ದಾರೇನು?" ನನ್ನ ಹೊಟ್ಟೆಯ ಬಗ್ಗೆ ಒಂದು ಮಾತಿಲ್ಲ. ಪಥ್ಯ ಮಾಡುತ್ತಿರುವವನು ನಾನು, ನರಳುತ್ತಿರುವವನು ನಾನು, ಯೋಗಕ್ಷೇಮ ಮಾತ್ರ ಸಿರುಗುಪ್ಪದಲ್ಲಿ ಮೆಣಸಿನಕಾಯಿ ಕಡಿಯುತ್ತಿರುವ ಅಪ್ಪನದು! ಒಂದು ದಿನ ಸಾಕಾಗಿ, "ಅಂಬಕ್ಕ, ಅವರಿಗೇನು ಧಾಡಿ? ನಾ ಇಲ್ಲಿ ಸಾಯ್ಲಿಕ್ಕೆ ಹತ್ತೀನಿ" ಎಂದೆ. ಆಕೆ ಥಟ್ಟನೆ, "ಬಿಡ್ತು ಅನ್ನು" ಎಂದು ಗದರಿದಳು.

ನಾನೂ ಪಥ್ಯದ ಹುಚ್ಚಿಗೆ ಬಿದ್ದಿದ್ದೆ. ಸಂಜೆ ಕಚೇರಿಯಿಂದ ಬರುವಾಗ ಪೇಟೆಯ ಮೂಲೆಯಲ್ಲಿ ಮೆಣಸಿನಕಾಯಿ ಬಜ್ಜಿ ಕರಿಯುತ್ತಿದ್ದರು, ಜೊತೆಗೆ ಮಂಡಾಳು, ಅಂದರೆ ಮಂಡಕ್ಕಿಯ, ಒಗ್ಗರಣೆ. ನಾನು ಮೂಗು ಮುಚ್ಚಿಕೊಂಡು ಇನ್ನೊಂದು ಓಣಿಯಿಂದ ಸುತ್ತಿ ಬರುತ್ತಿದ್ದೆ. ಮಾಳಿಗೆಯ ಗೋಡೆಯ ಮೇಲೆ ಇದ್ದಲಿನಿಂದ ದಿನಕ್ಕೊಂದು ಗೀಟು ಎಳೆಯುತ್ತಿದ್ದೆ. ಇಷ್ಟೆಲ್ಲ ಮಾಡಿದರೂ ಹೊಟ್ಟೆಯ ಉರಿ ಅರ್ಧ ಇಳಿದು ಅಲ್ಲೇ ನಿಂತುಬಿಟ್ಟಿತು. ಔಷಧವೇ ಸರಿಯಿಲ್ಲ ಎಂದು ಜಗಳಕ್ಕೇ ಸಿದ್ಧನಾಗಿ, ಇಪ್ಪತ್ತೆರಡನೆಯ ಗೀಟಿನ ದಿನ ಕುರುಗೋಡಿಗೆ ಹೋದೆ.

ಸಾಹೇಬರು ನಾಡಿ ಹಿಡಿದರು. ಕಣ್ಣು ತೆರೆದು ನನ್ನನ್ನೇ ನೋಡಿದರು.

"ಮೆಣಸಿನಕಾಯಿ ತಿಂದೀರಿ."

"ಇಲ್ರಿ! ದೇವರಾಣಿ ಇಲ್ಲ!"

"ಭಾಳ ಅಲ್ಲ. ದಿನಾ ಒಂದೊಂದು. ಹುಣಸಿಹಣ್ಣೂ ತಿಂದೀರಿ."

"ಸಾಹೇಬರ, ನನ್ನ ತಾಯಾಣಿ ಮಾಡಿ ಹೇಳ್ತೀನಿ, ನಾಲಿಗಿ ತುದಿಗೂ ತಾಗಿಸಿಲ್ಲ."

"ತಾಯಿ ಸುದ್ದಿ ಯಾಕ ತೆಗೀತೀರಿ? ಬಾಯಿ ಒಂದು ಹೇಳ್ತೈತಿ, ನಾಡಿ ಒಂದು ಹೇಳ್ತೈತಿ. ನಾ ನಾಡಿ ನಂಬಾಂವ." ಕೈ ಬಿಟ್ಟು ಗಡ್ಡ ಸವರಿಕೊಂಡರು. "ಮತ್ತ ಒಂದರಿಂದ. ಇದು ಎರಡನೇದು, ನೆನಪಿರ್ಲಿ."

ಸಿಟ್ಟಿಗೆ ಬಂಡಿಯಲ್ಲಿ ಕೂಡಲಾಗಲಿಲ್ಲ. ಇಪ್ಪತ್ತೆರಡು ದಿನ ನೀರಿಗೆ ಹೋಗಿತ್ತು. ಸಂಕ್ರಾಂತಿಗೆ ಇನ್ನು ನಲವತ್ತು ದಿನಕ್ಕಿಂತ ತುಸುವೇ ಹೆಚ್ಚು ಉಳಿದಿತ್ತು. ಮನೆಗೆ ಬಂದವನೇ ಅಡುಗೆಮನೆಯ ಹೊಸ್ತಿಲ ಆಚೆ ನಿಂತು, "ಅಂಬಕ್ಕ, ನನ್ನ ತಪ್ಪಲಿ ತೊಗೊಂಡು ಬಾ. ಒಂದು ಎಲಿ ಮ್ಯಾಲೆ ಬೋರಲು ಹಾಕು" ಎಂದೆ. ಆಕೆ ನನ್ನ ಮುಖ ನೋಡಿದಳು. ಒಂದು ನೆವವನ್ನೂ ಹೇಳಲಿಲ್ಲ. ತಪ್ಪಲೆ ತಂದು ಸುರಿದಳು. ಹಳದಿ ತೊವ್ವೆಯ ನಡುವೆ, ತಳದಲ್ಲಿ, ಮುರಿದ ಒಂದು ಕೆಂಪು ಮೆಣಸಿನಕಾಯಿ. ಪಕ್ಕದಲ್ಲಿ ಹುಣಸೆಯ ಒಂದು ಎಳೆ ನಾರು.

ನಾನು ಏನೇನು ಕೂಗಾಡಿದೆನೋ ನೆನಪಿಲ್ಲ. ನನ್ನ ನೌಕರಿ ತೆಗೆಯಲು ಹೊರಟಿದ್ದೀಯ ಎಂದೆ, ವಿಷ ಹಾಕಿದ್ದೀಯ ಎಂದೂ ಅಂದೆ. ಮಾಳಿಗೆಯಿಂದ ಸುಬ್ಬರಾಯರು ಇಳಿದು ಬಂದರು. ಅಂಬಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಎಲ್ಲ ಕೇಳಿಸಿಕೊಂಡಳು. ಕೊನೆಗೆ ಇಷ್ಟು ಹೇಳಿದಳು.

"ನಿನ್ನ ಸಲುವಾಗಿ ಹಾಕಿಲ್ಲಪ್ಪಾ. ನಿಮ್ಮಪ್ಪನ ಸಲುವಾಗಿ ಹಾಕೀನಿ. ನನ್ನ ತಮ್ಮ, ಅಪ್ಪ ಇನ್ನಾ ಜೀವಂತ ಇರಬೇಕಾದ್ರನ, ಯಾರದೋ ತಿಥಿ ಊಟಕ್ಕ ಹೋಗಿ ಕುಂತ. ಬ್ಯಾಡ ಅಂತ ಅನ್ನಬೇಕಾದಾಕಿ ನಾನು, ಅನ್ನಲಿಲ್ಲ. ತಿಂಗಳೊಪ್ಪತ್ತಿನಾಗ ಅಪ್ಪ ಹೋದ್ರು. ಅಪ್ಪ ಇದ್ದ ಮಗಗ ದಿನಾ ಆ ಅಡಿಗಿ ಬಡಸ್ಲಿಕ್ಕೆ ನನ್ನ ಕೈ ಬರಲಿಲ್ಲೋ. ಒಂದು ಮೆಣಸಿನಕಾಯಿ, ಒಂದು ಎಳಿ ಹುಣಸಿ ಬಿದ್ರ ಅದು ತಿಥಿ ಅಡಿಗಿ ಆಗಂಗಿಲ್ಲ. ಅದಕ್ಕ ಹಾಕಿದೆ."

ಯಾವ ಶಾಸ್ತ್ರದಲ್ಲಿದೆ ಎಂದು ಕೇಳಬೇಕೆಂದಿದ್ದೆ. ಕೇಳಲಾಗಲಿಲ್ಲ. ಆದರೆ ಸಿಟ್ಟೂ ಹೋಗಲಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಒಬ್ಬ ಮನುಷ್ಯನ ಹೊಟ್ಟೆಯನ್ನು ಇನ್ನೊಬ್ಬನ ಆಯುಷ್ಯಕ್ಕೆ ಗಂಟು ಹಾಕಿದರೆ ಬಿಚ್ಚುವುದು ಹೇಗೆ? ಬೇರೆ ಊಟದ ಮನೆಗೆ ಹೋಗೋಣವೆಂದರೆ ಅಲ್ಲಿ ಬೇರೆ ತಪ್ಪಲೆ ಏರಿಸುವವರು ಯಾರು? ಅವತ್ತೇ ಕೂತು ಅಪ್ಪನಿಗೆ ಉರಿಯುರಿಯಾಗಿ ಒಂದು ಕಾಗದ ಬರೆದೆ. 'ತಮ್ಮ ಆಯುರಾರೋಗ್ಯದ ನಿಮಿತ್ತ ಇಲ್ಲಿ ನನಗೆ ದಿನವಹಿ ಮೆಣಸಿನಕಾಯಿ ಉಣ್ಣಿಸಲಾಗುತ್ತಿದೆ' ಎಂದು ಶುರುಮಾಡಿದ್ದೆ. ಕಚೇರಿಯ ಭಾಷೆ ಕೈಗೆ ಹತ್ತಿಬಿಟ್ಟಿತ್ತು.

ಉತ್ತರ ಬರಲಿಲ್ಲ. ಐದನೆಯ ದಿನ ಅಪ್ಪನೇ ಬಂದರು. ಧೂಳು ತುಂಬಿದ ರುಮಾಲು, ಕಂಕುಳಲ್ಲಿ ಅಕ್ಕಿಯ ಗಂಟು. ಬಂಡಿ ಇಳಿದದ್ದೇ, "ಎಲ್ಲಿ ಅದಾಳಪ್ಪ ನನ್ನ ಜೀವಾ ಕಾಯೋ ಆ ತಾಯಿ?" ಎಂದು ಕೇಳಿದರು. ಅಂಬಕ್ಕ ಬಾಗಿಲ ಮರೆಯಿಂದ ಅವರನ್ನು ಅಡಿಯಿಂದ ಮುಡಿಯ ತನಕ ನೋಡಿದಳು. ಆಕೆಯ ಮುಖ ನೋಡಬೇಕಿತ್ತು! ಇಪ್ಪತ್ತೆರಡು ಮೆಣಸಿನಕಾಯಿಯ ಫಲ ನಡೆದುಕೊಂಡು ಎದುರಿಗೆ ಬಂದ ಹಾಗೆ ತೃಪ್ತಿಯಿಂದ ನೋಡುತ್ತಿದ್ದಳು. ಇನ್ನು ಈಕೆಯನ್ನು ಒಪ್ಪಿಸುವುದು ಆಗದ ಮಾತು ಎಂದುಕೊಂಡೆ.

ಕಾಲು ತೊಳೆಯುವ ಜಾಗದಲ್ಲಿ ಅಪ್ಪನನ್ನು ಹಿಡಿದು, "ನೀವು ಗಟ್ಟಿಯಾಗಿ ಬೈರಿ. ನಾ ಹೇಳಿದ್ರ ಕೇಳಂಗಿಲ್ಲ" ಎಂದೆ.

"ಏನಂತ ಬೈಲೋ?" ಎಂದರು ಅಪ್ಪ. "ಆಕಿ ನನ್ನ ಮುಖಾ ಕಂಡಾಕಿ ಅಲ್ಲ. ನಾ ಇರ್ಲಿ ಅಂತ ದಿನಾ ಒಲಿ ಮುಂದ ನನ್ನ ನೆನಸ್ಕೋತಾಳ. ನೀ ನೆನಸ್ತಿದ್ಯೇನು?"

ತಿಂಗಳಿಗೊಂದು ಕಾಗದ ಬರೆಯಲೂ ಗೊಣಗುತ್ತಿದ್ದವನು ನಾನು.

ಊಟಕ್ಕೆ ನನ್ನ ಪಕ್ಕದಲ್ಲೇ ಕೂತರು. ಅಂಬಕ್ಕ ಬಡಿಸಲು ಬಂದಾಗ ತಲೆಯೆತ್ತದೆ, ಬಹಳ ಮೆತ್ತಗೆ ಹೇಳಿದರು. "ತಾಯೀ, ಒಂದು ಮಾತು. ಇವನ ಅಡಿಗಿಗೆ ಮೆಣಸಿನಕಾಯಿ ಹಾಕಬ್ಯಾಡ್ರಿ, ಇವನ ಹೊಟ್ಟಿ ಸುಡ್ತದ. ಒಂದು ಒಣಮೆಣಸಿನಕಾಯಿ ಇಡೀದು, ತೊಟ್ಟು ಸೈತ ಮುರೀದಂಗ, ಇವನ ಎಲಿ ಅಂಚಿಗೆ ಇಡ್ರಿ. ಇಂವ ಮುಟ್ಟೂದು ಬ್ಯಾಡ. ಅದು ನನ್ನ ಪಾಲಿಂದು. ಎಲಿ ಮ್ಯಾಲೆ ಮೆಣಸಿನಕಾಯಿ ಇದ್ದ ಮ್ಯಾಲೆ ಅದು ತಿಥಿ ಎಲಿ ಹೆಂಗಾಗ್ತದ?"

ಅಂಬಕ್ಕ ಸವಟು ಹಿಡಿದು ಯೋಚಿಸಿದಳು. ಪಂಕ್ತಿಯೆಲ್ಲ ಕೈ ತಡೆದು ಕಾಯಿತು. ನನ್ನ ಕಾಯಂ ನೌಕರಿ, ನನ್ನ ಹೊಟ್ಟೆ, ಓಣಿಯ ಮುಂದೆ ನನ್ನ ಮುಖ, ಎಲ್ಲವೂ ಆ ಸವಟಿನ ತುದಿಯಲ್ಲಿ ತೂಗುತ್ತಿತ್ತು.

"ಅಂಚಿಗೆ ಇದ್ರೂ ಸಾಕೇನ್ರಿ?"

"ನನ್ನ ಆಯುಷ್ಯ, ನಾ ಹೇಳ್ತೀನಲಾ ತಾಯಿ. ಸಾಕು."

ಆಕೆ ಒಳಗೆ ಹೋಗಿ ಡಬ್ಬಿ ತಡಕಿ, ಉದ್ದನೆಯ ಬ್ಯಾಡಗಿ ಮೆಣಸಿನಕಾಯಿ ಒಂದನ್ನು ಆರಿಸಿ ತಂದಳು. ನನ್ನ ಎಲೆಯಂಚಿಗೆ ಇಟ್ಟು ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು. ಆಮೇಲೆ ಮೊದಲ ಸಲ ನಗುತ್ತ ನನಗೆ ಬರೀ ಪಥ್ಯ ಬಡಿಸಿದಳು. ಅಪ್ಪ ತಮ್ಮ ಎಲೆಯ ಮೆಣಸಿನಕಾಯಿ ಕಡಿದು ತೊಟ್ಟು ಅಂಚಿಗಿಟ್ಟರು. ನಾನು ಎಣಿಸಿದೆ. ಅವತ್ತು ಐದಾಗಿತ್ತು.

ಇದೆಲ್ಲ ಕೇಳಲು ಚಂದ. ಅನುಭವಿಸಿದವನ ಗತಿ ಕೇಳಿ. ಖಾರವಿಲ್ಲದೆ ನಾಲಿಗೆ ಸತ್ತುಹೋಗಿರುವವನ ಕಣ್ಣೆದುರು, ಒಂದು ಗೇಣಿನೊಳಗೆ, ಕೆಂಪಗೆ ಮಿರಿಮಿರಿ ಮಿಂಚುವ ಮೆಣಸಿನಕಾಯಿ. ಮುಟ್ಟುವಂತಿಲ್ಲ. ಒಂದು ದಿನವಲ್ಲ, ನಲವತ್ತು ದಿನ! ಯಾವ ಹಕೀಮನೂ ಯಾವ ರೋಗಿಗೂ ಇಂಥ ಶಿಕ್ಷೆ ಕೊಟ್ಟಿರಲಾರ. ಹದಿನೇಳನೆಯ ದಿನ ನನ್ನ ಬೆರಳು ತಾನಾಗಿ ಅದರ ಕಡೆ ಸರಿಯಿತು. ಸುಬ್ಬರಾಯರು ಪಕ್ಕದಿಂದ, "ರಾಘಪ್ಪ, ಅದು ನಿಮ್ಮಪ್ಪಂದು" ಎಂದರು, ಅಷ್ಟೆ. ಬೆರಳು ಹಿಂದೆ ಬಂತು. ಇನ್ನೊಂದು ಕಷ್ಟವೂ ಇತ್ತು. ಅಂಬಕ್ಕ ಹುಳಿಯ ಪಾತ್ರೆ ಹಿಡಿದು ನನ್ನ ಎಲೆ ದಾಟುವಾಗ ಒಂದೆರಡು ಹನಿ ಬೀಳುತ್ತಿದ್ದವು. ಅವು ಅಂಚಿನ ಮೆಣಸಿನಕಾಯಿಗೆ ತಾಗಿ, ಅದರ ಬಣ್ಣ ಬಿಟ್ಟು, ನನ್ನ ಅನ್ನದ ಕಡೆ ಹರಿದರೆ ಗತಿಯೇನು? ಅದಕ್ಕೇ ಪಾತ್ರೆ ದೂರದಲ್ಲಿ ಕಂಡ ಕೂಡಲೆ ಕೈ ಎದ್ದು ಅಂಚಿನ ಮೇಲೆ ಚಪ್ಪರ ಹಾಕುತ್ತಿತ್ತು. ಅಂಬಕ್ಕ ದಿನಾ ಕೇಳುತ್ತಲೇ ಇದ್ದಳು, "ಅಪ್ಪ ಆರಾಮ ಇದ್ದಾರೇನು?" ನಾನೂ ಅಷ್ಟರಲ್ಲಿ ವಾರಕ್ಕೊಂದು ಕಾಗದ ಬರೆದು, ಬಂದ ಉತ್ತರವನ್ನು ಆಕೆಗೆ ಓದಿ ಹೇಳುವಷ್ಟು ಸುಧಾರಿಸಿದ್ದೆ.

ನಲವತ್ತನೆಯ ಗೀಟು ಎಳೆದು ಕುರುಗೋಡಿಗೆ ಹೋದೆ. ಸಾಹೇಬರು ನಾಡಿ ಹಿಡಿದು, ತುಟಿಯಲ್ಲೇ ನಕ್ಕು, "ಈಗ ಬಾಯಿ ನಾಡಿ ಎರಡೂ ಒಂದೇ ಮಾತು ಹೇಳ್ತಾವ" ಎಂದರು. ಸಂಕ್ರಾಂತಿಗೆ ಶಿರಸ್ತೇದಾರರು ನನ್ನ ಹೊಟ್ಟೆಯ ಕಡೆ ಒಮ್ಮೆ ನೋಡಿ ಕಾಯಂ ಮಾಡಲು ಬರೆದರು. ಆ ಹೊಟ್ಟೆ ಈಗಲೂ ಗಟ್ಟಿಯಾಗಿದೆ. ಅಂಬಕ್ಕ ಕೆಲವು ವರ್ಷಕ್ಕೆ ಊಟದ ಮನೆ ಮುಚ್ಚಿ ತಮ್ಮನ ಮನೆಗೆ ಹೋದಳು. ಹೋಗುವ ದಿನವೂ ಕೇಳಿದ್ದು ಅದನ್ನೇ.

ಅದಾಗಿ ಹನ್ನೊಂದು ವರ್ಷಕ್ಕೆ ಅಪ್ಪ ಹೋದರು. ಬೇನೆ ಬೇಸರಿಕೆ ಏನಿಲ್ಲ, ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಎಲೆಯಂಚಿನಲ್ಲಿ ಮೂರು ತೊಟ್ಟು ಇದ್ದವಂತೆ. ನಾನು ಬಳ್ಳಾರಿಯಿಂದ ಬರುವಷ್ಟರಲ್ಲಿ ಎಲೆ ತೆಗೆದು ನೆಲ ಸಾರಿಸಿದ್ದರು.

ವರ್ಷದ ತಿಥಿ ಸಿರುಗುಪ್ಪದ ಮನೆಯಲ್ಲೇ ಆಯಿತು. ಬ್ರಾಹ್ಮಣರ ಊಟವಾದ ಮೇಲೆ ನನಗೆ ಎಲೆ ಹಾಕಿದರು. ನನ್ನ ಹೆಂಡತಿ ಬಡಿಸುತ್ತ ಬಂದಳು. ಹೆಸರುಬೇಳೆಯ ತೊವ್ವೆ, ಕಾಳುಮೆಣಸಿನ ಸಾರು, ಬಾಳೆಕಾಯಿ ಪಲ್ಯ. ವಾಸನೆ ಮೂಗಿಗೆ ಬಡಿದದ್ದೇ ಅಂಬಕ್ಕನ ಪಡಸಾಲೆಯಲ್ಲಿ ಕೂತ ಹಾಗಾಯಿತು. ಅದೇ ಊಟ, ಅದೇ ಬಣ್ಣ. ನನ್ನ ಕಣ್ಣು ಎಲೆಯಂಚಿಗೆ ಹೋಯಿತು.

ಅಲ್ಲಿ ಏನೂ ಇರಲಿಲ್ಲ.

ಹತ್ತು ದಿನದ ಕರ್ಮದಲ್ಲಿ ಅಳದವನು, ವರ್ಷವಿಡೀ ಮಾಸಿಕಗಳಲ್ಲಿ ಅಳದವನು, ಎಲೆಯ ಮುಂದೆ ಕೂತು ಬಿಕ್ಕಿ ಬಿಕ್ಕಿ ಅತ್ತೆ. ಅಂಬಕ್ಕನ ಮೇಲೆ ಕೂಗಾಡಿದ್ದೆ, ವಿಷವೆಂದಿದ್ದೆ. ಆಕೆ ದಿನಾ ಏನನ್ನು ನನ್ನ ಎಲೆಗೆ ಹಾಕುತ್ತಿದ್ದಳು ಎಂದು ಅವತ್ತು ತಿಳಿಯಿತು.

ಹೆಂಡತಿ ಇನ್ನೊಂದು ಸಲ ಪಲ್ಯ ತಂದಳು. ನನ್ನ ಕೈ ಎದ್ದು ಅಂಚಿನ ಮೇಲೆ ಅಡ್ಡ ನಿಂತಿತು.

"ಬ್ಯಾಡೇನ್ರಿ?" ಎಂದಳು.

"ಬೇಕು. ಎಲ್ಲಿ ಬೇಕಾದ್ರೂ ಬಡಸು," ಎಂದೆ. "ಇಲ್ಲಿ ಮಾತ್ರ ಬ್ಯಾಡ. ಇದು ಅಪ್ಪಂದು."